ಸ್ಟೋರ್ ರೂಮಿನ ಒದ್ದೆ ಕಂಬಳಿ

ಇದನ್ನು ಹೇಳಿದಾಗಲೆಲ್ಲ ಕೇಳಿದವರು ಒಂದೇ ಮಾತು ಅನ್ನುತ್ತಾರೆ. ‘ನೀನು ಹೆದರಿಕೊಂಡಿದ್ದೆ, ಅದಕ್ಕೇ ಹಾಗೆಲ್ಲ ಅನ್ನಿಸಿದೆ.’

ಇಲ್ಲ. ಆ ಸಂಜೆ ಅದು ಶುರುವಾದಾಗ ನನ್ನ ಹತ್ತಿರ ಹೆದರಿಕೆ ಸುಳಿದೂ ಇರಲಿಲ್ಲ. ನನಗೆ ಇದ್ದದ್ದು ಸಿಟ್ಟು. ತಲೆ ಸಿಡಿಯುವಷ್ಟು ಸಿಟ್ಟು. ಅಷ್ಟು ಸಿಟ್ಟಿನಲ್ಲಿ ಇರುವವರಿಗೆ ಇಲ್ಲದ್ದನ್ನು ಕಲ್ಪಿಸಿಕೊಳ್ಳಲು ಪುರಸೊತ್ತಾದರೂ ಎಲ್ಲಿರುತ್ತದೆ ಹೇಳಿ?

ಅದಕ್ಕೇ ಮೊದಲು ಆ ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ.

ನನ್ನ ಹೆಸರು ಶಶಿಕಲಾ, ಊರು ಹೊಸದುರ್ಗ. ಆಗ ಚಿತ್ರದುರ್ಗದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಹಾಸ್ಟೆಲು ಕ್ಯಾಂಪಸ್ಸಿನ ಒಳಗೇ ಇತ್ತು. ಪ್ರಾಜೆಕ್ಟಿಗೆಂದು ನಾವು ಆರಿಸಿಕೊಂಡದ್ದು ಒಂದು ಮೊಬೈಲ್ ಆಪ್. ಕ್ಯಾಂಪಸ್ಸಿನಲ್ಲಿ ಯಾರಿಗಾದರೂ ಛತ್ರಿ, ಕ್ಯಾಲ್ಕುಲೇಟರು, ಟಿಫನ್ ಬಾಕ್ಸು ಸಿಕ್ಕರೆ ಫೋಟೋ ತೆಗೆದು ಹಾಕಬೇಕು. ಕಳೆದುಕೊಂಡವರು ‘ಕಳೆದಿದೆ’ ಎಂದು ಬರೆದು ಹಾಕಬಹುದು, ಇಲ್ಲವೇ ಸಿಕ್ಕದ್ದರ ಫೋಟೋ ನೋಡಿ ‘ನನ್ನದು’ ಎಂದು ಒತ್ತಬೇಕು. ಆಗ ಆಪ್ ಕೆಲವು ಪ್ರಶ್ನೆ ಕೇಳುತ್ತದೆ. ಎಲ್ಲಿ ಕಳೆಯಿತು, ಏನು ಗುರುತು, ಮೊಬೈಲ್ ನಂಬರ್ ಏನು. ಉತ್ತರ ಸರಿ ಇದ್ದರೆ ವಸ್ತು ಕೊಡುವಾಗ ಅವರದೊಂದು ಫೋಟೋ. ಇಷ್ಟೇ. ಆಪಿಗೆ ‘ಸಿಕ್ತಾ’ ಎಂದು ಹೆಸರಿಟ್ಟಿದ್ದೆವು.

ಹೆಸರು ಚೆನ್ನಾಗಿತ್ತು. ಬೇರೆ ಯಾವುದೂ ಚೆನ್ನಾಗಿರಲಿಲ್ಲ.

ಗೈಡ್ ಸರ್ ಮೊದಲ ಸಲ ನೋಡಿದವರೇ, “ಇದ್ರಾಗೆ ಹೊಸದೇನೈತಮ್ಮ? ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಆಗಲ್ವಾ?” ಎಂದರು. ಎರಡನೆಯ ಸಲ ಬಣ್ಣ ಸರಿಯಿಲ್ಲ ಎಂದರು. ಆಮೇಲೆ, ಜಾಗದ ಪಟ್ಟಿಯಲ್ಲಿ ‘ಇತರೆ’ ಅನ್ನುವುದು ಯಾಕೆ, ತೆಗೆಯಿರಿ ಎಂದರು. ತೆಗೆದೆ. ಮೊಬೈಲ್ ನಂಬರ್ ಕಡ್ಡಾಯ ಮಾಡಿ ಎಂದರು. ಮಾಡಿದೆ. ಕ್ಲಾಸಿನವರಿಗೆ ಆಪ್ ಕಳಿಸಿ ಬಳಸಿರಪ್ಪ ಎಂದು ಗೋಗರೆದರೆ ಒಬ್ಬ ‘ಕಳೆದಿದೆ: ನನ್ನ ಹೃದಯ, ಕ್ಯಾಂಟೀನ್ ಹತ್ತಿರ’ ಎಂದು ಹಾಕಿದ. ಇನ್ನೊಬ್ಬಳು ‘ಕಳೆದಿದೆ: ಅಟೆಂಡೆನ್ಸ್’ ಎಂದು ಹಾಕಿದಳು. ನಿಜವಾಗಿ ಕಳೆದುಕೊಂಡವರು ಒಬ್ಬರೂ ಬರಲಿಲ್ಲ.

ಕೊನೆಯ ರಿವ್ಯೂ ನಾಳೆ ಬೆಳಗ್ಗೆ ಅನ್ನುವಾಗ ಸರ್ ಹೊಸ ತಗಾದೆ ತೆಗೆದರು. “ಇವೆಲ್ಲ ನೆಟ್ಟಿನಾಗೆ ತಗಂಡಿರೋ ಫೋಟೋ. ನಿಜವಾದ ವಸ್ತು ಹಾಕ್ರಿ. ನಿಜವಾಗಿ ಒಬ್ಬರಿಗಾದ್ರೂ ವಾಪಸ್ ಕೊಟ್ಟಿದ್ದು ತೋರಿಸ್ರಿ. ಇಲ್ಲಾಂದ್ರೆ ಸೈನ್ ಹಾಕಲ್ಲ.”

ಒಂದು ರಾತ್ರಿಯಲ್ಲಿ! ಸರ್ ರೂಮಿನಿಂದ ಹೊರಗೆ ಬಂದು ಬ್ಯಾಗನ್ನು ಗೋಡೆಗೆ ಎಸೆದುಬಿಟ್ಟೆ.

ಪ್ರಾಜೆಕ್ಟಿನಲ್ಲಿ ನನ್ನ ಜೊತೆ ಇದ್ದದ್ದು ವಿರೂಪಾಕ್ಷ ಒಬ್ಬನೇ. ಭರಮಸಾಗರದವನು, ದಿನಾ ಸರ್ಕಾರಿ ಬಸ್ಸಿನಲ್ಲಿ ಓಡಾಡುತ್ತಿದ್ದ. ಏನಾದರೂ ಆಗಲಿ, ಮುಖದಲ್ಲಿ ಒಂದು ನಗು ಇಟ್ಟುಕೊಂಡೇ ಇರುವ ಹುಡುಗ. ಆ ನಗು ಕಂಡರೂ ಅವತ್ತು ನನಗೆ ಮೈ ಉರಿಯುತ್ತಿತ್ತು.

“ವರ್ಕ್‌ಶಾಪ್ ಹಿಂದೆ ಒಂದು ಸ್ಟೋರ್ ರೂಮ್ ಐತಲ್ಲ, ಕಳೆದೋಗಿರೋ ಸಾಮಾನೆಲ್ಲ ಅಲ್ಲೇ ತುಂಬಿರ್ತಾರೆ. ಫೋಟೋ ತೆಕ್ಕೊಂಡು ಬರಾಣ ನಡಿ,” ಎಂದ.

ಕೀಲಿ ಕೊಟ್ಟವರು ವಾಚ್‌ಮನ್ ತಿಪ್ಪಣ್ಣ. “ಅಲ್ಲಿ ಕರೆಂಟು ಸರಿಗಿಲ್ಲಮ್ಮ. ಬೇಗ ಮುಗಿಸ್ಕಂಡು ಬರ್ರಿ,” ಎಂದಷ್ಟೇ ಹೇಳಿದರು. ಬೇರೇನೂ ಹೇಳಲಿಲ್ಲ. ಎಚ್ಚರಿಕೆ ಗಿಚ್ಚರಿಕೆ ಏನೂ ಇಲ್ಲ.

ಹೊತ್ತು ಮುಳುಗುತ್ತಿತ್ತು. ಕಾಲೇಜು ಬಸ್ಸುಗಳೆಲ್ಲ ಹೋಗಿಯಾಗಿತ್ತು. ಸ್ಟೋರ್ ರೂಮು ಕ್ಯಾಂಪಸ್ಸಿನ ಕಟ್ಟಕಡೆಯ ಕಟ್ಟಡ. ಅದರಾಚೆ ಕಾಂಪೌಂಡು, ಬಂಡೆ, ಜಾಲಿ ಗಿಡ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಬೇಸಿಗೆ. ಮಳೆ ಕಂಡು ಎಷ್ಟೋ ತಿಂಗಳಾಗಿತ್ತು. ಬಾಗಿಲು ತಳ್ಳಿದರೆ ಧೂಳು ಮೂಗಿಗೆ ಹೊಡೆಯಿತು.

ಒಳಗೆ ಒಂದು ಬೆಂಚು, ಒಂದು ಬಲ್ಬು, ಹಿಂದಿನ ಗೋಡೆಗೆ ಸರಳು ಹಾಕಿದ ಒಂದು ಕಿಟಕಿ. ನೆಲದ ತುಂಬ ಗೋಣಿಚೀಲ. ಒಂಟಿ ಚಪ್ಪಲಿ, ಮುರಿದ ಛತ್ರಿ, ಕನ್ನಡಕ, ಹೆಲ್ಮೆಟ್ಟು, ಮುಚ್ಚಳವಿಲ್ಲದ ನೀರಿನ ಬಾಟಲಿ... ಎಲ್ಲದರ ಮೇಲೂ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು.

ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ನನ್ನ ಫೋನಿನ ಬ್ಯಾಟರಿ ಮುಗಿದಿತ್ತು. ಆಪ್ ಇದ್ದದ್ದು ವಿರೂಪಾಕ್ಷನ ಫೋನಿನಲ್ಲಿ. ಅವನು ಸಾಮಾನು ತೆಗೆದು ಕೊಡುವುದು, ನಾನು ಫೋಟೋ ತೆಗೆದು ಹಾಕುವುದು ಎಂದಾಯಿತು. ಛತ್ರಿಯ ಫೋಟೋ ಹೋಗಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಮತ್ತೆ ಒತ್ತಿದೆ. ಛತ್ರಿ ಎರಡು ಸಲ ಹೋಯಿತು. ಕನ್ನಡಕ ಹಾಕಿದರೆ ಅದರ ಹೆಸರಿನ ಜಾಗಕ್ಕೆ ಛತ್ರಿ ಎಂದು ಬಂತು.

“ಇದೇನು ಬರ್ದಿದೀಯೋ ಕೋಡು?” ಎಂದು ಕಿರುಚಿದೆ.

“ನಾನೆಲ್ಲಿ ಬರ್ದೆ? ಆ ಭಾಗ ನಿಂದೇ ಕಣೇ!”

ಅವನು ಹೇಳಿದ್ದು ನಿಜ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂತು.

ಅಷ್ಟರಲ್ಲಿ ಬಲ್ಬು ಎರಡು ಸಲ ಮಿಟುಕಿ ಆರಿಹೋಯಿತು. ಉಳಿದದ್ದು ಲ್ಯಾಪ್‌ಟಾಪಿನ ಬಿಳಿ ಬೆಳಕು ಮಾತ್ರ. ಹೊರಗೆ ಕತ್ತಲಾಗಿತ್ತು. ಹಾಸ್ಟೆಲ್ ಗೇಟು ಹಾಕುವ ಹೊತ್ತು ಹತ್ತಿರ ಬರುತ್ತಿತ್ತು, ಅವನ ಬಸ್ಸಿನ ಹೊತ್ತೂ ಕೂಡ. ಇಬ್ಬರೂ ಮಾತು ಬಿಟ್ಟು ಕೆಲಸ ಮುಂದುವರಿಸಿದೆವು.

ಆಗ ಕಿಟಕಿಯಿಂದ ಕೇಳಿಸಿತು.

“ಅಮ್ಮಾ... ಕಂಬಳಿ ಸಿಕ್ತಾ?”

ವಯಸ್ಸಾದ ಗಂಡಸಿನ ದನಿ. ಮೆತ್ತಗೆ, ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಂದು ಕೇಳುವ ಹಾಗೆ. ನನಗೆ ಬೆಚ್ಚಿಬೀಳಬೇಕು ಅನ್ನಿಸಲೇ ಇಲ್ಲ. ತಿಪ್ಪಣ್ಣನವರ ಕಡೆಯವರು ಯಾರೋ ಇರಬೇಕು ಅಂದುಕೊಂಡೆ.

“ಯಾರ್ರಿ ಅದು?”

“ನಾನೇ ಕಣಮ್ಮ.”

“ಕಂಬಳಿ ಗಿಂಬಳಿ ಏನಿಲ್ಲಜ್ಜ ಇಲ್ಲಿ. ನಾಳೆ ಆಫೀಸಿಗೆ ಬರ್ರಿ.”

“ಐತೆ ನೋಡ್ರಿ. ಆ ಮೂಲೆ ಚೀಲದ ತಳದಾಗೆ.”

ವಿರೂಪಾಕ್ಷ ನನ್ನ ಮುಖ ನೋಡಿದ. ಭುಜ ಕುಣಿಸಿ, ಮೂಲೆಯ ಚೀಲ ಎಳೆದು ಬಗ್ಗಿಸಿದ. ಹಳೆ ಶೂ, ಬಾಟಲಿ, ಲ್ಯಾಬ್ ಕೋಟು ಉರುಳಿದವು. ಎಲ್ಲಾ ಧೂಳು. ಕೊನೆಗೆ ತಳದಿಂದ ಏನೋ ಒಂದು ದಪ್ಪಗೆ ‘ದೊಪ್’ ಎಂದು ನೆಲಕ್ಕೆ ಬಿತ್ತು.

ಕರಿ ಕಂಬಳಿ. ಕುರಿ ಉಣ್ಣೆಯದು. ನೀರು ಸೋರುತ್ತಿತ್ತು.

ವಾಸನೆ ರೂಮಿಡೀ ಹರಡಿತು. ನೆನೆದ ಉಣ್ಣೆಯ ವಾಸನೆ, ಕುರಿಹಟ್ಟಿಯ ವಾಸನೆ, ಅದರ ಜೊತೆ ಎಲ್ಲೋ ಒಂದೆಳೆ ಬೀಡಿ ಹೊಗೆ...

“ಇದ್ಯಾಕೆ ಇಷ್ಟು ಒದ್ದೆ ಐತೆ?” ವಿರೂಪಾಕ್ಷ ಗೋಣಿಚೀಲ ಮುಟ್ಟಿ ನೋಡಿದ. “ಚೀಲ ಒಣಗೈತಲ್ಲೇ...”

“ಲ್ಯಾಪ್‌ಟಾಪ್ ಹತ್ರ ತರಬೇಡ!” ನಾನು ಅಂದದ್ದು ಅಷ್ಟೇ. ಈಗ ನೆನೆದರೆ ನನಗೇ ಆಶ್ಚರ್ಯ. ಒಣ ಚೀಲದಲ್ಲಿ ಒದ್ದೆ ಕಂಬಳಿ ಹೇಗೆ ಬಂತು ಎಂದು ಯೋಚಿಸದೆ, ನೀರು ತಾಗಿದರೆ ನಾಳೆ ರಿವ್ಯೂ ಗತಿ ಏನು ಎಂದು ಯೋಚಿಸುತ್ತಿದ್ದೆ.

ಆಮೇಲೆ ಇನ್ನೊಂದು ಹೊಳೆಯಿತು. ನಿಜವಾಗಿ ಕಳೆದುಕೊಂಡ ಒಬ್ಬ ಮನುಷ್ಯ, ತಾನಾಗಿಯೇ ಬಂದಿದ್ದಾನೆ! ಸರ್ ಕೇಳಿದ್ದೂ ಇದನ್ನೇ. ಕಂಬಳಿಯ ಫೋಟೋ ತೆಗೆದು ಹಾಕಿದೆ. ಈ ಸಲ ಒಂದೇ ಏಟಿಗೆ ಹೋಯಿತು. ಫೋನು ಹಿಡಿದು ಕಿಟಕಿ ಕಡೆ ತಿರುಗಿದೆ.

“ಅಜ್ಜ, ಸ್ವಲ್ಪ ಕೇಳ್ತೀನಿ, ಹೇಳ್ರಿ. ಕಂಬಳಿ ಎಲ್ಲಿ ಕಳ್ಕಂಡ್ರಿ?”

“ಬಾವ್ಯಾಗೆ.”

“ಯಾವ ಬಾವಿ?”

“ಇಲ್ಲೇ ಕಣಮ್ಮ. ನೀವು ನಿಂತಿರೋ ತಾವು.”

ಆಪಿನ ಪಟ್ಟಿಯಲ್ಲಿ ಲೈಬ್ರರಿ ಇತ್ತು, ಕ್ಯಾಂಟೀನ್ ಇತ್ತು, ಲ್ಯಾಬ್ ಇತ್ತು, ಗ್ರೌಂಡ್ ಇತ್ತು. ಬಾವಿ ಎಲ್ಲಿಂದ ಬರಬೇಕು? ‘ಇತರೆ’ ಎಂಬುದನ್ನು ಸರ್ ತೆಗೆಸಿದ್ದರು. ಮನಸ್ಸಿನಲ್ಲೇ ಸರ್‌ಗೆ ಬೈದು ‘ಗ್ರೌಂಡ್’ ಒತ್ತಿದೆ.

“ಏನು ಗುರ್ತು ಅಜ್ಜ?”

“ಅಂಚಿಗೆ ಕೆಂಪು ದಾರದಾಗೆ ಹೊಲಿಗೆ ಐತೆ. ನಮ್ಮಾಕೆ ಹಾಕಿದ್ದು.”

ವಿರೂಪಾಕ್ಷ ಲ್ಯಾಪ್‌ಟಾಪಿನ ಬೆಳಕಿಗೆ ಕಂಬಳಿಯ ಅಂಚು ಹಿಡಿದು ಹುಡುಕಿದ. ಒಂದು ಮೂಲೆಯಲ್ಲಿ ಹರಿದದ್ದನ್ನು ಕೆಂಪು ದಾರದಿಂದ ಹೊಲಿದಿದ್ದರು. ನನ್ನ ಕಡೆ ತಲೆ ಆಡಿಸಿದ. ಅವನ ಮುಖದಲ್ಲಿ ಆ ನಗು ಇರಲಿಲ್ಲ ಅನ್ನುವುದನ್ನು ಆಗಲೇ ಗಮನಿಸಿದೆ.

“ಮೊಬೈಲ್ ನಂಬರ್ ಹೇಳ್ರಿ.”

“ಅವೆಲ್ಲ ಇಲ್ಲಮ್ಮ.”

“ಮನೇಲಿ ಯಾರದ್ದಾದ್ರೂ?”

“ಮನ್ಯಾಗೆ ಯಾರೂ ಇಲ್ಲಮ್ಮ ಈಗ.”

ಹಾಗೇ ಮುಂದಕ್ಕೆ ಒತ್ತಿದೆ. ‘ಮೊಬೈಲ್ ಸಂಖ್ಯೆ ಕಡ್ಡಾಯ’ ಎಂದು ಕೆಂಪಕ್ಷರ ಬಂತು. ಮತ್ತೆ ಒತ್ತಿದೆ. ಮತ್ತೆ ಕಡ್ಡಾಯ. ನಾನೇ ಕೂತು ಬರೆದ ಕೆಂಪಕ್ಷರ! ಅಳು ಬರುವಂತಾಯಿತು. ತಿಂಗಳುಗಟ್ಟಲೆ ಒದ್ದಾಡಿ ಮಾಡಿದ್ದಕ್ಕೆ ಬಂದವನು ಒಬ್ಬ, ಅವನಿಗೂ ಇದು ಆಗುತ್ತಿಲ್ಲ.

“ಚಳಿ ಆಗ್ತೈತೆ... ಕೊಟ್ಬಿಡ್ರಮ್ಮ.”

ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

“ಕೊಡ್ತೀವಿ ತಡೀರಿ. ಒಂದು ಫೋಟೋ ಬೇಕು. ಕಿಟಕಿ ಹತ್ರ ಬರ್ರಿ.”

ಎದ್ದು ಹೋಗಿ ಸರಳಿನ ಹತ್ತಿರ ಫೋನು ಹಿಡಿದು ಒತ್ತಿದೆ. ಫ್ಲ್ಯಾಶು ಹೊಳೆಯಿತು. ಫೋಟೋ ನೋಡಿದರೆ ಸರಳು, ಆಚೆ ಬಂಡೆ, ಜಾಲಿ ಗಿಡ.

“ಅಲ್ಲಿಲ್ಲ ಅಜ್ಜ, ಎದುರಿಗೆ ಬರ್ರಿ. ಬೀಳ್ತಿಲ್ಲ.”

“ಇಲ್ಲೇ ಇದೀನಲ್ಲಮ್ಮ.”

ದನಿ ಬಂದದ್ದು ನನ್ನ ಮುಖದ ಎದುರಿನಿಂದ. ಸರಳಿನ ಆಚೆ ಒಂದು ಗೇಣು ದೂರದಿಂದ. ಬೀಡಿ ವಾಸನೆಯ ಉಸಿರು ನನ್ನ ಕೆನ್ನೆಗೆ ತಾಗಿತು.

ಫೋನಿನ ಬೆಳಕಿಗೆ ಎದುರಿನ ಬಂಡೆ ಕಾಣಿಸುತ್ತಿತ್ತು. ಗುಡ್ಡದ ಮೇಲಿನ ಕೆಂಪು ದೀಪ ಕಾಣಿಸುತ್ತಿತ್ತು. ನಡುವೆ ಏನೂ ಇರಲಿಲ್ಲ.

ಸಿಟ್ಟು ಆ ಕ್ಷಣಕ್ಕೆ ಇಳಿಯಿತು. ಬೆಂಚಿನ ತನಕ ಹಿಂದೆ ಹಿಂದೆ ನಡೆದು ಕೂತುಬಿಟ್ಟೆ. ವಿರೂಪಾಕ್ಷನಿಗೆ ಫೋಟೋ ತೋರಿಸಲು ಫೋನು ಚಾಚಿದೆ. ಅವನು ಅದನ್ನು ನೋಡಲೂ ಇಲ್ಲ.

“ಇದೇನು ಒಂದು ಕಂಬಳಿಗೆ ಇಷ್ಟು ಹೊತ್ತು. ನಾನು ಕೊಟ್ ಬರ್ತೀನಿ, ಬಸ್ ಹೋಗ್ತೈತೆ,” ಎಂದವನೇ ಆ ಭಾರದ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕತ್ತಲಿಗೆ ಇಳಿದ. ಫೋನು ನನ್ನ ಕೈಯಲ್ಲೇ ಉಳಿಯಿತು.

ಅವನ ಚಪ್ಪಲಿ ಸದ್ದು ಕಟ್ಟಡ ಸುತ್ತಿ ಹಿಂದಕ್ಕೆ ಹೋಗುವುದು ಕೇಳಿಸಿತು. ಜಲ್ಲಿಕಲ್ಲಿನ ಮೇಲೆ ಚರಕ್, ಚರಕ್...

“ಅಜ್ಜಾ... ಎಲ್ಲಿದೀರಿ?” ಕಿಟಕಿಯ ಹೊರಗೆ ವಿರೂಪಾಕ್ಷನ ದನಿ. “ಶಶೀ, ಯಾರೂ ಇಲ್ಲ ಕಣೇ ಇಲ್ಲಿ!”

ಅವನ ಮಾತು ಮುಗಿಯುವ ಮೊದಲೇ, ಅದೇ ಜಾಗದಿಂದ, ಮೆತ್ತಗೆ...

“ಸಿಕ್ತಮ್ಮ.”

ಆಮೇಲೆ ಒದ್ದೆ ಕಂಬಳಿಯನ್ನು ಯಾರೋ ಜಾಡಿಸಿದ ಸದ್ದು. ನೀರಿನ ಹನಿ ಬಂಡೆಗೆ ಸಿಡಿದ ಸದ್ದು. ವಿರೂಪಾಕ್ಷ ಏನೋ ಗೊಣಗಿದ, ಏನೆಂದು ತಿಳಿಯಲಿಲ್ಲ. ನಾನು ಕೂತಲ್ಲಿಂದ ಅಲುಗಾಡಲಿಲ್ಲ. ಕಣ್ಣನ್ನು ಲ್ಯಾಪ್‌ಟಾಪಿಗೆ ನೆಟ್ಟಿದ್ದೆ. ಕಿಟಕಿ ಕಡೆ ತಿರುಗುವ ಧೈರ್ಯ ಇರಲಿಲ್ಲ.

ಮತ್ತೆ ಚಪ್ಪಲಿ ಸದ್ದು. ಬಾಗಿಲಲ್ಲಿ ವಿರೂಪಾಕ್ಷ ಬಂದು ನಿಂತ. ಬರಿಗೈ. ಒಳಗೆ ಬರಲು ಎತ್ತಿದ ಕಾಲನ್ನು ಹಾಗೇ ಇಳಿಸಿದ. ನನ್ನನ್ನೇ ನೋಡುತ್ತಿದ್ದ.

“ನೀನು... ಇಲ್ಲೇ ಇದ್ದೆಯಾ?”

“ಇನ್ನೆಲ್ಲಿರ್ಲೋ?”

ಅವನು ತಿರುಗಿ ಕತ್ತಲ ಕಡೆ ನೋಡಿದ.

“ಕೊಟ್ಟೆಯಾ?” ಎಂದೆ.

“ಕಿಟಕಿ ಕೆಳಗೆ ಇಟ್ಟು ಬಂದೆ. ಎದ್ದೇಳು. ಹೋಗಾಣ.” ಅಷ್ಟು ಹೇಳುವಷ್ಟರಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಸಾಮಾನೆಲ್ಲ ನೆಲದ ಮೇಲೆ ಹರಡಿದ್ದಂತೆಯೇ ಬಿಟ್ಟು ಬೀಗ ಹಾಕಿದೆವು. ಗೇಟಿನವರೆಗೆ ಇಬ್ಬರೂ ಓಡಲಿಲ್ಲ. ಓಡಿದರೆ ಏನೋ ಆಗಿದೆ ಎಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ತಿಪ್ಪಣ್ಣನವರಿಗೆ ಕೀಲಿ ಕೊಡುತ್ತ ಕೇಳಿದೆ. “ಅಣ್ಣ, ಒಬ್ಬರು ಅಜ್ಜ ಬಂದಿದ್ರಲ್ಲ, ಕಂಬಳಿ ಕೇಳ್ಕಂಡು. ಯಾರವರು?”

“ಅಜ್ಜನಾ? ಯಾವ ಅಜ್ಜನೂ ಬಂದಿಲ್ವಲ್ಲಮ್ಮ. ನಾನು ಇಲ್ಲಿಂದ ಎದ್ದೇ ಇಲ್ಲ.”

“ಆ ಕಡೆ ಮೊದಲು ಬಾವಿ ಇತ್ತಾ? ಸ್ಟೋರ್ ರೂಮ್ ಇರೋ ಜಾಗದಲ್ಲಿ?”

ಅವರು ನಕ್ಕುಬಿಟ್ಟರು. “ಬಾವಿನಾ? ನಾನು ಹುಟ್ಟಿ ಬೆಳೆದಿದ್ದೇ ಇಲ್ಲೇ ಪಕ್ಕದ ಮದಕರಿಪುರದಾಗೆ. ಈ ಕಾಲೇಜು ಕಟ್ಟೋಕ್ಮುಂಚೆ ನಮ್ಮ ದನ ಇಲ್ಲೇ ಮೇಯ್ತಿದ್ವು. ಅದು ಬರೀ ಬಂಡೆ ಕಣಮ್ಮ. ಅದ್ರಾಗೆ ಬಾವಿ ಯಾರು ತೋಡ್ತಾರೆ?”

ಹಳೆಯ ಬಾವಿ ಇತ್ತು, ಯಾರೋ ಬಿದ್ದಿದ್ದರು ಎಂದು ಅವರು ಹೇಳಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅದೂ ಆಗಲಿಲ್ಲ.

ಮರುದಿನ ಬೆಳಕಿನಲ್ಲಿ ಧೈರ್ಯ ಮಾಡಿ ಇಬ್ಬರೂ ಹೋಗಿ ಕಿಟಕಿಯ ಹಿಂದೆ ನೋಡಿದೆವು. ಕಂಬಳಿ ಇರಲಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿರಬಹುದು ಎಂದು ನಾನು ಅಂದೆ. ಅವನು ಹೂಂ ಅಂದ.

ರಿವ್ಯೂನಲ್ಲಿ ಸರ್ ಫೋನು ಹಿಡಿದು ಒಂದೊಂದೇ ಸರಿಸಿದರು. ಎರಡು ಛತ್ರಿ. ಛತ್ರಿ ಎಂಬ ಹೆಸರಿನ ಕನ್ನಡಕ. ಆಮೇಲೆ ಕಂಬಳಿಯ ಹತ್ತಿರ ನಿಂತರು.

“ಇದು ಅರ್ಧಕ್ಕೆ ನಿಂತೈತಲ್ಲ. ನಂಬರ್ ಇಲ್ಲ. ಫೋಟೋದಾಗೆ ಮನುಷ್ಯನೇ ಇಲ್ಲ. ಟೆಸ್ಟ್ ಮಾಡಿಲ್ವೇನ್ರಿ? ಕಂಬಳಿ ಎಲ್ಲೈತೆ?”

“ಕೊಟ್ವಿ ಸರ್,” ಎಂದೆ.

“ಯಾರಿಗೆ?”

ನಾನು ವಿರೂಪಾಕ್ಷನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

“ಯಾರಿಗೆ ಕೊಟ್ರಿ ಅಂತ ಕೇಳ್ತಾ ಇದೀನಿ.”

ಯಾರಿಗೆ ಅಂತ ಹೇಳಲಿ? ಸರ್ ತಲೆ ಚಚ್ಚಿಕೊಂಡು, ಪಾಸಾಗುವಷ್ಟು ಅಂಕ ಹಾಕಿ, ಸೈನ್ ಮಾಡಿ ಕಳಿಸಿದರು. ಆಪನ್ನು ಆಮೇಲೆ ನಾವು ತೆರೆಯಲಿಲ್ಲ. ಅಷ್ಟು ತಿಂಗಳ ಒದ್ದಾಟ ಹಾಗೆ ಮುಗಿಯಿತು.

ಈಗ ನಾನು ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ವಿರೂಪಾಕ್ಷ ಭರಮಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆಗಾಗ ಫೋನು ಮಾಡುತ್ತಾನೆ. ಆ ಸಂಜೆಯ ಮಾತು ಬಂದರೆ ಬೇರೇನೋ ತೆಗೆಯುತ್ತಿದ್ದ. ಈಚೆಗೆ ಒಂದು ದಿನ, ತನ್ನ ಮದುವೆಗೆ ಕರೆಯಲು ಫೋನು ಮಾಡಿದವನು ಎಲ್ಲ ಹೇಳಿ ಮುಗಿಸಿದ ಮೇಲೂ ಇಡಲಿಲ್ಲ.

“ಶಶಿ... ಅವತ್ತು ನಾನು ಕಂಬಳಿ ಕಿಟಕಿ ಕೆಳಗೆ ಇಡಲಿಲ್ಲ ಕಣೇ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಅಜ್ಜ ಕಾಣಲಿಲ್ಲ. ಸರಿ, ಮಡಚಿ ಇಡಾಣ ಅಂತ ಜಾಡಿಸ್ದೆ. ಆ ತುದಿ ಯಾರೋ ಹಿಡ್ಕಂಡ್ರು. ಕತ್ತಲು, ಏನೂ ಕಾಣ್ತಿರಲಿಲ್ಲ. ನೀನೇ ಬಂದ್ಯೇನೋ ಅಂದ್ಕಂಡೆ. ಸರಿಯಾಗಿ ಹಿಡಿಯೇ ಅಂದೆ. ಹಿಡಿದ್ರು. ನಮ್ಮನೆಯಾಗೆ ಅಮ್ಮನೂ ನಾನೂ ಮಡಚ್ತೀವಲ್ಲ, ಹಂಗೇ... ಮಡಚ್ತಾ ಮಡಚ್ತಾ ಹತ್ರ ಬಂದ್ರು. ನನ್ನ ಕೈಯಿಂದ ತಗಂಡ್ರು. ನಾನು ತಿರುಗಿ ಬಂದೆ. ನೋಡಿದ್ರೆ ನೀನು ಒಳಗೆ ಬೆಂಚಿನ ಮ್ಯಾಲೆ ಕುಂತಿದೀಯ.”

ಆ ಬದಿಯಲ್ಲಿ ಅವನ ಅಂಗಡಿಯ ಮುಂದೆ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು.

“ತಗಳ್ಳುವಾಗ... ಕೈ ತಾಗ್ತಾ?” ಎಂದೆ.

“ತಾಗ್ತು.”

“ಹೆಂಗಿತ್ತು?”

ತಣ್ಣಗಿತ್ತು ಅನ್ನುತ್ತಾನೆ ಅಂದುಕೊಂಡಿದ್ದೆ.

“ಬೆಚ್ಚಗಿತ್ತು ಕಣೇ,” ಎಂದ. “ನಮ್ಮ ನಿಮ್ಮ ಕೈ ಇದ್ದ ಹಂಗೇ ಇತ್ತು.”

ಫೋನು ಇಟ್ಟ ಮೇಲೆ ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ಹಾಕಿದೆ. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು, ಒಳಗೆ ಸೆಕೆ. ಅಮ್ಮ ಯಾಕೆ ಎಂದು ಕೇಳಿದಳು. ಸೊಳ್ಳೆ ಎಂದೆ.